ನತ್ಥು ಒಲ್ಲೆ ಅನ್ನಬಹುದಿತ್ತೆ?

ಒಬ್ಬ ಇನ್ನೊಬ್ಬನ ಕೈಲಿ ಒಂದು ಕೆಟ್ಟ ಕೆಲಸ ಮಾಡಿಸುತ್ತಾನೆ. ಮಾಡಿದವನಿಗೆ ಅದರ ಹಿಂದಿನ ಸಂಚು ಗೊತ್ತಿಲ್ಲ. ಮಾಡಿಸಿದವನಿಗೆ ಗೊತ್ತು. ಬೆಳಗಾಗುವಷ್ಟರಲ್ಲಿ ಊರು ಹೊತ್ತಿಕೊಳ್ಳುತ್ತದೆ. ಪಾಪ ಯಾರದು? ಹೀಗೆ ಕೇಳಿದರೆ ಯಾರಾದರೂ ಥಟ್ಟನೆ ಹೇಳಿಬಿಡುತ್ತಾರೆ, ಮಾಡಿಸಿದವನದು ಅಂತ. ಅಷ್ಟು ಸಲೀಸಾಗಿದ್ದರೆ ಭೀಷ್ಮ ಸಾಹನಿಯವರ 'ತಮಸ್' ಕಾದಂಬರಿಯ ನತ್ಥು ಯಾಕೆ ಒಳಗೊಳಗೇ ಬೇಯಬೇಕಿತ್ತು? ಮಾಡಿಸಿದವನು ಯಾಕೆ ನಿರುಮ್ಮಳವಾಗಿ ತಿರುಗಾಡಿಕೊಂಡಿದ್ದ?

'ತಮಸ್' 1975ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಹಿಂದಿ ಕಾದಂಬರಿ. ಸಾಹನಿ ಹುಟ್ಟಿದ್ದು ರಾವಲ್ಪಿಂಡಿಯಲ್ಲಿ, 1915ರಲ್ಲಿ. 1947ರ ಮಾರ್ಚಿಯಲ್ಲಿ ಆ ಸೀಮೆ ಹೇಗೆ ಉರಿಯಿತೆಂದು ಅವರಿಗೆ ಗೊತ್ತಿತ್ತು. ಆದರೂ ಬರೆಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1970ರಲ್ಲಿ ಭಿವಂಡಿಯಲ್ಲಿ ಗಲಭೆಯಾದಾಗ ಅಲ್ಲಿಗೆ ಹೋಗಿ ಪಾಳುಬಿದ್ದ ಬೀದಿಗಳನ್ನು ಕಂಡ ಮೇಲೆ ಹಳೆಯ ರಾವಲ್ಪಿಂಡಿ ಅವರೊಳಗೆ ಎದ್ದು ಕೂತಿತು. ಗೋವಿಂದ ನಿಹಲಾನಿ ಇದನ್ನೇ ಕಿರುಧಾರಾವಾಹಿ ಮಾಡಿದರು. 1988ರ ಆರಂಭದಲ್ಲಿ ದೂರದರ್ಶನದಲ್ಲಿ ಬಂತು. ನಿಹಲಾನಿಯವರೂ ಕರಾಚಿಯಲ್ಲಿ ಹುಟ್ಟಿ ವಿಭಜನೆಯಲ್ಲಿ ನೆಲ ಕಳೆದುಕೊಂಡ ಕುಟುಂಬದವರೇ. ಆಗ ಮನೆಮನೆಗೂ ಟೀವಿ ಇರಲಿಲ್ಲ. ಇದ್ದವರ ಮನೆಯ ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತು ನೋಡಿದವರೇ ಹೆಚ್ಚು. ಆ ನಿಂತು ನೋಡಿದವರ ಕಣ್ಣಿನಿಂದಲೇ ಈ ಕಥೆಯನ್ನು ನೋಡಬೇಕು ಅಂತ ನನ್ನ ಹಟ.

ಕಥೆ ಶುರುವಾಗುವುದು ಒಂದು ಕತ್ತಲ ಗುಡಿಸಲಲ್ಲಿ. ನತ್ಥು ಚರ್ಮ ಹದ ಮಾಡುವವನು. ಹಂದಿ ಕೊಲ್ಲುವುದು ಅವನ ಕಸುಬಲ್ಲ. ಕಾದಂಬರಿಯಲ್ಲಿ ಮುರಾದ್ ಅಲಿ ಅನ್ನುವವನು ಬಂದು, ದನದ ಡಾಕ್ಟರಿಗೆ ಒಂದು ಸತ್ತ ಹಂದಿ ಬೇಕಾಗಿದೆ, ಕೊಂದುಕೊಡು ಅನ್ನುತ್ತಾನೆ. ನತ್ಥು ಕೈ ಮುಗಿದು, ಇದು ನನಗೆ ಬಾರದ ಕೆಲಸ ಅಂತ ಗೋಗರೆದರೂ ಬಿಡುವುದಿಲ್ಲ. ಐದು ರೂಪಾಯಿ ನೋಟು ಕೈಗೆ ತುರುಕಿ ಹೋಗಿಬಿಡುತ್ತಾನೆ. ಓಂ ಪುರಿ ಆ ರಾತ್ರಿಯನ್ನು ಅಭಿನಯಿಸಿದ್ದನ್ನು ನೋಡಿದವರು ಮರೆಯುವುದಿಲ್ಲ. ಬೆವರು, ದುರ್ವಾಸನೆ, ಸಾಯಲೊಲ್ಲದ ಆ ಪ್ರಾಣಿ, ಭಯ. ಬೆಳಗ್ಗೆ ಆ ಹಂದಿ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ. ಅದಕ್ಕೆ ಪ್ರತಿಯಾಗಿ ಹಸುವೊಂದು ಸಾಯುತ್ತದೆ. ಆಮೇಲೆ ಮನುಷ್ಯರು.

ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇರುವುದು ಮಸೀದಿಯ ಮೆಟ್ಟಿಲಲ್ಲಲ್ಲ, ಆ ಐದು ರೂಪಾಯಿ ಕೈ ಬದಲಾದ ಗಳಿಗೆಯಲ್ಲಿ. ಹಂದಿ ಯಾಕೆ ಸ್ವಾಮಿ? ಯಾವ ಡಾಕ್ಟರು? ರಾತ್ರಿಯೇ ಯಾಕೆ? ಈ ಮೂರು ಪ್ರಶ್ನೆ ಕೇಳಿದ್ದರೆ ಸಾಕಿತ್ತಲ್ಲ ಅಂತ ಓದಿದವರು ಹೇಳಬಹುದು. ಕೇಳಲು ಬಾಯಿ ಬೇಕಲ್ಲ? ನಮ್ಮ ಕೇರಿಗಳಲ್ಲಿ ಹುಟ್ಟಿದವರಿಗೆ ಆ ಅಪ್ಪಣೆಯ ದನಿ ಗುರುತಿದೆ. 'ಲೇ, ಬಾರ್ಲಾ ಇಲ್ಲಿ' ಅಂದರೆ ಹೋಗಬೇಕು. ದನ ಸತ್ತರೆ ಎಳೆಯಬೇಕು. ಸಾವಾದರೆ ಹತ್ತು ಊರಿಗೆ ಸುದ್ದಿ ಹೊರಬೇಕು. ಯಾಕೆ ಅನ್ನುವ ಮಾತು ಮೇಲಿನಿಂದ ಕೆಳಕ್ಕೆ ಬರುತ್ತಿತ್ತೇ ಹೊರತು ಕೆಳಗಿನಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ಹೊಲಸು ಎಲ್ಲಿದ್ದರೂ ಅದಕ್ಕೆ ಒಂದು ಜಾತಿಯ ಕೈ ಮೀಸಲು ಅಂತ ಮಾಡಿಟ್ಟ ಮೇಲೆ, ಆ ಕೈಗೆ ಯಾವ ಹೊಲಸನ್ನಾದರೂ ಕೊಡಬಹುದು. ಮುರಾದ್ ಅಲಿ ಮುಸಲ್ಮಾನ, ನಿಜ. ಅವನು ಬಳಸಿಕೊಂಡ ಯಂತ್ರ ಮಾತ್ರ ಮನುಧರ್ಮದ ಕಾರ್ಖಾನೆಯಲ್ಲೇ ತಯಾರಾದದ್ದು.

ನೀತಿಶಾಸ್ತ್ರದ ಪಂಡಿತರು ಒಂದು ಮಾತು ಹೇಳುತ್ತಾರೆ. ತಿಳಿದು, ತಾನಾಗಿ ಮಾಡಿದ್ದಕ್ಕೆ ಮಾತ್ರ ಮನುಷ್ಯ ಹೊಣೆ ಅಂತ. ಒಪ್ಪೋಣ. ನತ್ಥುವಿಗೆ ತಿಳಿವಳಿಕೆಯನ್ನೂ ಕೊಡಲಿಲ್ಲ, ಒಲ್ಲೆ ಅನ್ನುವ ಸ್ವಾತಂತ್ರ್ಯವನ್ನೂ ಕೊಡಲಿಲ್ಲ. ಆದ್ದರಿಂದ ಅವನು ನಿರಪರಾಧಿ. ಕೇಸು ಮುಗಿಯಿತು!

ಮುಗಿಯಲಿಲ್ಲ, ಗೆಳೆಯರೆ. ಈ ತೀರ್ಪಿನಲ್ಲಿ ಒಂದು ಮೋಸ ಇದೆ. ಮಚ್ಚು ನಿರಪರಾಧಿ, ಹಗ್ಗ ನಿರಪರಾಧಿ ಅನ್ನುವ ಹಾಗೆಯೇ ನತ್ಥುವೂ ನಿರಪರಾಧಿ ಅಂದುಬಿಟ್ಟರೆ, ಮುರಾದ್ ಅಲಿ ಅವನನ್ನು ಏನೆಂದು ತಿಳಿದಿದ್ದನೋ ನಾವೂ ಅದನ್ನೇ ತಿಳಿದ ಹಾಗಾಯಿತು. ನತ್ಥು ಹಾಗೆ ತಿಳಿಯಲಿಲ್ಲ. ಅವನು ಹೆಂಡತಿ ಕರ್ಮೋ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾನೆ. ನಿನಗೇನು ಗೊತ್ತಿತ್ತು, ನಿನ್ನದೇನು ತಪ್ಪು ಅಂತ ಅವಳು ಸಮಾಧಾನ ಮಾಡುತ್ತಾಳೆ. ಅವಳ ಮಾತು ನಿಜವೇ. ಆದರೂ ಅವನಿಗೆ ಸಾಲದು. ತನ್ನ ಕೈಯಿಂದ ಆದದ್ದು ತನ್ನದು ಅಂತ ಅವನಿಗೆ ಅನಿಸುತ್ತದೆ. ಇಡೀ ಊರಿನಲ್ಲಿ ಹೀಗೆ ಅನಿಸಿದ್ದು ಹೆಚ್ಚು ಕಡಿಮೆ ಅವನೊಬ್ಬನಿಗೇ. ಜಿಲ್ಲೆಯ ದೊರೆ ರಿಚರ್ಡನಿಗೆ ಅನಿಸಲಿಲ್ಲ. ಅವನು ಹಳೇ ಶಿಲ್ಪ, ಬುದ್ಧನ ವಿಗ್ರಹ, ತಕ್ಷಶಿಲೆ ಅಂತ ಓದಿಕೊಂಡ ವಿದ್ವಾಂಸ. ಊರಿನ ಹಿರಿಯರು ಬಂದು ಪೊಲೀಸು, ಸೈನ್ಯ ಇಳಿಸಿ ಅಂತ ಬೇಡಿಕೊಂಡಾಗ ಜಾರಿಕೊಂಡ. ಅವನ ನಿದ್ದೆಗೇನೂ ಭಂಗ ಬರಲಿಲ್ಲ.

ಇದೇ ಕಥೆಯಲ್ಲಿ ಇನ್ನೊಂದು ಪ್ರಾಣಿವಧೆ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ರಣವೀರ ಅನ್ನುವ ಹುಡುಗ, ಉಳ್ಳವರ ಮನೆಯವನು. ಅವನಿಗೆ ಗುರುವೊಬ್ಬ ದೀಕ್ಷೆ ಕೊಡಲು ಒಂದು ಕೋಳಿ ಕೊಲ್ಲಿಸುತ್ತಾನೆ. ಹುಡುಗ ನಡುಗುತ್ತಾನೆ, ವಾಂತಿ ಮಾಡಿಕೊಳ್ಳುತ್ತಾನೆ. ಆಮೇಲೆ ಅವನ ಹಣೆಗೆ ರಕ್ತದ ತಿಲಕ! ಅಲ್ಲಿಂದ ಮುಂದೆ ಆ ಹುಡುಗರ ಗುಂಪು ಬೀದಿಯಲ್ಲಿ ಹೋಗುತ್ತಿದ್ದ ಅತ್ತರು ಮಾರುವ ಬಡ ಮುದುಕನಿಗೆ ಚಾಕು ಹಾಕುತ್ತದೆ. ನೋಡಿ, ಕೋಳಿ ಕೊಂದದ್ದು ವೀರ, ಹಂದಿ ಕೊಂದದ್ದು ಹೊಲಸು. ಒಬ್ಬನಿಗೆ ತಿಲಕ, ಇನ್ನೊಬ್ಬನಿಗೆ ಐದು ರೂಪಾಯಿ. ತಿಳಿದು ಮಾಡಿದವನಿಗೆ ಹೆಮ್ಮೆ, ತಿಳಿಯದೆ ಮಾಡಿದವನಿಗೆ ಪಶ್ಚಾತ್ತಾಪ. ಪಶ್ಚಾತ್ತಾಪವನ್ನೂ ಕೂಡ ಈ ವ್ಯವಸ್ಥೆ ಕೂಲಿ ಕೆಲಸದ ಹಾಗೆ ಕೆಳಗಿನವರಿಗೇ ಹಂಚಿದೆ.

ಕಾದಂಬರಿಯ ಮಿಲ್ಖಿಯದೂ ಇದೇ ಪಾಡು. ಶಾಹನವಾಜ್ ಒಳ್ಳೆಯವನು, ಹಿಂದೂ ಗೆಳೆಯನ ಕುಟುಂಬವನ್ನು ಕಾಪಾಡಿದವನು. ಗೆಳೆಯನ ಹೆಂಡತಿಯ ಒಡವೆ ಪೆಟ್ಟಿಗೆ ತರಲು ಅವರ ಮನೆಗೆ ಹೋಗುತ್ತಾನೆ. ಅಲ್ಲಿ ಕಿಟಕಿಯಿಂದ ಮಸೀದಿಯ ಅಂಗಳದ ಹೆಣ ಕಂಡು ತಲೆಗೆ ರಕ್ತ ಏರುತ್ತದೆ. ಮನೆ ಕಾಯುತ್ತಿದ್ದ ಆಳು ಮಿಲ್ಖಿಯನ್ನು ಮೆಟ್ಟಿಲ ಮೇಲಿಂದ ಒದೆಯುತ್ತಾನೆ, ಬೆನ್ನು ಮುರಿಯುತ್ತದೆ. ಆಮೇಲೆ ಒಡವೆ ಪೆಟ್ಟಿಗೆಯನ್ನು ಜೋಪಾನವಾಗಿ ಗೆಳೆಯನ ಹೆಂಡತಿಗೆ ತಲುಪಿಸುತ್ತಾನೆ. ಸ್ನೇಹ ಧರ್ಮದ ಗೋಡೆ ದಾಟಿತು, ಭೇಷ್. ಆಳಿನ ಗೋಡೆ ದಾಟಲಿಲ್ಲ. ಕೋಮು ಸೌಹಾರ್ದದ ಭಾಷಣ ಮಾಡುವವರು ಈ ಒಂದು ಪುಟ ಓದಿಕೊಂಡು ವೇದಿಕೆ ಹತ್ತಿದರೆ ಚೆನ್ನ. (ಕಾಂಗ್ರೆಸ್ಸಿನವರು ಬೆಳಗಿನ ಜಾವ ಹಾಡು ಹೇಳಿಕೊಂಡು ಬಡವರ ಓಣಿಗೆ ಚರಂಡಿ ಬಳಿಯಲು ಹೋಗುವ ಪ್ರಸಂಗವೂ ಇದೆ. ಒಂದು ಬೆಳಗ್ಗೆ ಬಳಿದವರು ದೇಶಭಕ್ತರು. ದಿನಾ ಬಳಿಯುವವರಿಗೆ ಆ ಹೆಸರು ಯಾರೂ ಕೊಟ್ಟಿಲ್ಲ.)

ಕಾದಂಬರಿಗೂ ಧಾರಾವಾಹಿಗೂ ನತ್ಥುವಿನ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದೆ. ಸಾಹನಿ ಅವನನ್ನು ಒಂದಷ್ಟು ದೂರ ಕರೆತಂದು ಬಿಟ್ಟುಬಿಡುತ್ತಾರೆ. ಕೊನೆಯಲ್ಲಿ ಅವನು ಸತ್ತ ಸುದ್ದಿ ಒಂದು ಮಾತಿನಲ್ಲಿ ಬಂದು ಹೋಗುತ್ತದೆ. ನಿಹಲಾನಿ ಬಿಡಲಿಲ್ಲ. ಮುದಿ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಬಸುರಿ ಕರ್ಮೋ ಜೊತೆಗೆ ಅವನು ಊರು ಬಿಟ್ಟು ನಡೆಯುತ್ತಾನೆ. ದೀಪಾ ಸಾಹಿಯ ಕರ್ಮೋ ನಿರಾಶ್ರಿತರ ಶಿಬಿರದ ತನಕ ಬರುತ್ತಾಳೆ. ಅವನ ಸಾವಿಗೂ ಒಂದು ಮುಖ ಸಿಕ್ಕಿತು. ಹೀಗೆ ಎಳೆದಿದ್ದು ಕಣ್ಣೀರಿಗಾಗಿ ಅಂತ ದೂರುವವರನ್ನು ಕಂಡಿದ್ದೇನೆ. ನನಗೆ ಹಾಗೆ ಕಾಣುವುದಿಲ್ಲ. ಚರ್ಮ ಹದ ಮಾಡುವವನೊಬ್ಬನನ್ನು ದೇಶ ಒಡೆದ ಕಥೆಯ ನಡುಮಧ್ಯೆ ನಿಲ್ಲಿಸಿ, ಇವನು ಹಿಂದುವೋ, ಯಾರ ಪಾಳಯದವನು ಅಂತ ಕೇಳುವ ಮೊದಲು ಇವನ ಹೆಗಲ ಮೇಲೆ ಏನಿದೆ ನೋಡಿ ಅಂತ ಹೇಳಿದ ಹಾಗಿತ್ತು ಅದು. ಆದರೆ ಕಾದಂಬರಿಯ ಆ ಒಂದು ಮಾತಿನ ಸಾವಿಗೂ ಒಂದು ಕ್ರೂರ ಸತ್ಯ ಇದೆ: ನತ್ಥುಗಳು ಸಾಯುವುದು ಹಾಗೇ.

ಧಾರಾವಾಹಿ ನಿಲ್ಲಿಸಬೇಕು, ಕೋಮುದ್ವೇಷ ಹರಡುತ್ತದೆ ಅಂತ ಕೆಲವರು ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಾಧೀಶರು ಧಾರಾವಾಹಿಯನ್ನು ನೋಡಿಯೇ ತೀರ್ಪು ಕೊಟ್ಟು ಪ್ರಸಾರಕ್ಕೆ ಬಿಟ್ಟರು. 1988ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಒಳ್ಳೆಯ ತೀರ್ಪು. ಆ ಗದ್ದಲವೆಲ್ಲ ಹಿಂದೂವಿಗೆ ನೋವಾಯಿತೋ, ಮುಸಲ್ಮಾನನಿಗೆ ನೋವಾಯಿತೋ ಅಂತ. ನತ್ಥುವಿನ ಕೈಗೆ ಕತ್ತಿ ಕೊಟ್ಟದ್ದು ಯಾವ ಸಮಾಜ ಅನ್ನುವ ದಾವೆಯನ್ನು ಯಾವ ಕೋರ್ಟಿನಲ್ಲಿ ಹಾಕಬೇಕು?

ಇದು ಹಳೇ ಕಥೆ ಅನ್ನಬೇಡಿ. 2002ರಲ್ಲಿ ಗುಜರಾತ್ ಉರಿದಾಗ ಒಂದು ಫೋಟೋ ಲೋಕವೆಲ್ಲ ಸುತ್ತಿತು. ಹಿಂದೆ ಬೆಂಕಿ, ಮುಂದೆ ಕಬ್ಬಿಣದ ಸಲಾಕೆ ಹಿಡಿದು ಕೈ ಚಾಚಿ ಕೂಗುತ್ತಿರುವ ಒಬ್ಬ. ಯಾರವನು? ಅಹಮದಾಬಾದಿನ ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿಯುವ ದಲಿತ. ತಾನು ಯಾರ ಮೇಲೂ ಕೈ ಮಾಡಿಲ್ಲ ಅಂತ ಆಮೇಲೆ ಅವನು ಹೇಳಿದ. 2014ರಲ್ಲಿ ಕೇರಳದಲ್ಲಿ, ಅದೇ ಗಲಭೆಯ ಇನ್ನೊಂದು ಫೋಟೋದಲ್ಲಿ ಕೈ ಮುಗಿದು ಅಳುತ್ತಿದ್ದ ಮುಸಲ್ಮಾನ ದರ್ಜಿಯ ಜೊತೆ ಒಂದೇ ವೇದಿಕೆಯಲ್ಲಿ ಕೂತ. ಚಪ್ಪಲಿ ಹೊಲಿಯುವವನು ಬಂದ, ಬಟ್ಟೆ ಹೊಲಿಯುವವನು ಬಂದ. ಉಳಿದವರು ಬರಲಿಲ್ಲ. ಅವರು ಫೋಟೋದಲ್ಲೂ ಇರಲಿಲ್ಲ.

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರಿನ ಮಾತಷ್ಟೇ ಆಡಲಿಲ್ಲ. ಸತ್ತ ದನದ ಮಾಂಸ ಬಿಡಿ, ಸತ್ತ ದನ ಎಳೆಯುವುದನ್ನು ಬಿಡಿ ಅಂತಲೂ ಹೇಳಿದರು. ಶುಚಿತ್ವದ ಪಾಠ ಅಂತ ಅದನ್ನು ಓದುವವರಿದ್ದಾರೆ. ನಾನು ಬೇರೆ ಥರ ಓದುತ್ತೇನೆ. ಒಲ್ಲೆ ಅನ್ನುವುದನ್ನು ಅಭ್ಯಾಸ ಮಾಡಿಸಿದರು ಬಾಬಾಸಾಹೇಬರು. ಸತ್ತ ದನಕ್ಕೆ ಒಲ್ಲೆ ಅಂದ ಬಾಯಿಗೆ ನಾಳೆ ಹಂದಿಗೂ, ಸಲಾಕೆಗೂ ಒಲ್ಲೆ ಅನ್ನುವ ಶಕ್ತಿ ಬರುತ್ತದೆ. ಒಲ್ಲೆ ಅಂದದ್ದಕ್ಕೆ ಬಹಿಷ್ಕಾರ ಬಂತು, ಹೊಡೆತ ಬಿತ್ತು, ಕೂಲಿ ಹೋಯಿತು, ಅದೂ ಗೊತ್ತು. ನತ್ಥುವಿನ ಹತ್ತಿರ ಒಲ್ಲೆ ಅನ್ನಲು ಬೇಕಾದ ಒಂದು ತುಂಡು ನೆಲ ಇರಲಿಲ್ಲ, ಜೊತೆಗೆ ನಿಲ್ಲುವ ಹತ್ತು ಜನ ಇರಲಿಲ್ಲ. ಅವನ ಹೊಣೆಯನ್ನು ಅಳೆಯುವವರು ಇದನ್ನೂ ತಕ್ಕಡಿಗೆ ಹಾಕಬೇಕು.

ಕಾದಂಬರಿಯ ಕೊನೆಗೆ ಗಲಭೆ ನಿಂತಿರುತ್ತದೆ. ಶಿಬಿರದಲ್ಲಿ ಲೆಕ್ಕದ ಬಾಬು ಒಬ್ಬ ಕೂತಿದ್ದಾನೆ. ಎಷ್ಟು ಸತ್ತರು, ಎಷ್ಟು ಮನೆ ಸುಟ್ಟವು, ಅಂಕಿ ಮಾತ್ರ ಹೇಳಿ, ಕಥೆ ಬೇಡ ಅನ್ನುತ್ತಾನೆ. ಊರಿನ ಗಣ್ಯರೆಲ್ಲ ಸೇರಿ ಶಾಂತಿ ಸಮಿತಿ ಮಾಡುತ್ತಾರೆ. ಹಿಂದೂ, ಮುಸಲ್ಮಾನ, ಸಿಖ್ ಮೂವರಿಗೂ ಅದರಲ್ಲಿ ಜಾಗ ಇದೆ. ಶಾಂತಿಯ ಬಸ್ಸು ಹೊರಡುತ್ತದೆ. ಡ್ರೈವರಿನ ಪಕ್ಕ ಕೂತು ಮೈಕಿನಲ್ಲಿ ಎಲ್ಲರಿಗಿಂತ ಜೋರಾಗಿ ಐಕ್ಯತೆಯ ಘೋಷಣೆ ಕೂಗುತ್ತಿರುವವನು ಮುರಾದ್ ಅಲಿ. ಗುರುತು ಹಿಡಿಯಬಹುದಾಗಿದ್ದ ನತ್ಥು ಸತ್ತಿದ್ದ. ಕರ್ಮೋಗೆ ಗಂಡ ಎಲ್ಲ ಹೇಳಿದ್ದ. ಅವಳನ್ನು ಯಾವ ಸಮಿತಿಯೂ ಕರೆದು ಕೇಳಲಿಲ್ಲ.