ಯಾರ ಕಡೆಯ ರಕ್ತ?

ನೇಸರಗಿ, ಬೈಲಹೊಂಗಲದ ಕಡೆ ಮೂರು ವರ್ಷ ತುಂಬಿದರೂ ಮಾತು ಬಾರದ, ಹೆಸರು ಹಿಡಿದು ಕೂಗಿದರೂ ತಿರುಗಿ ನೋಡದ, ಅಂದರೆ ಆಟಿಸಂ ಇರಬಹುದಾದ ಮಗು ಮನೆಯಲ್ಲಿದ್ದರೆ ಹಿರಿಯರ ಬಾಯಲ್ಲಿ ಮೊದಲು ಬರುವ ಮಾತು: ‘ನಮ್ಮ ವಂಶದಾಗ ಹಿಂಗ ಯಾರೂ ಇಲ್ಲ.’ ಅಂದರೆ ದೋಷ ಸೊಸೆಯ ತವರಿನದು. ಬಸುರಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳು, ಮಗುವನ್ನು ಅತ್ತೆಯ ಬಳಿ ಬಿಟ್ಟು ಹೊಲಕ್ಕೆ ಹೋದಳು. ಸೋದರಮಾವನಿಗೆ ಕೊಟ್ಟಿದ್ದರೆ ಆ ಕಾರಣವೂ ಕೈಗೆ ಸಿಗುತ್ತದೆ. ಸವದತ್ತಿ ಎಲ್ಲಮ್ಮನಿಗೋ ಗೊಡಚಿ ವೀರಭದ್ರನಿಗೋ ಹರಕೆ ಹೊತ್ತರೆ ನನ್ನ ತಕರಾರಿಲ್ಲ. ಅದರಿಂದ ತಾಯಿಗೆ ಧೈರ್ಯ ಬರುತ್ತದೆ. ತಕರಾರಿರುವುದು ‘ಯಾರ ಕಡೆಯ ರಕ್ತ’ ಎಂಬ ಪ್ರಶ್ನೆಗೆ. ಓದಿದವರ ಮಾತೂ ಇದಕ್ಕಿಂತ ದೂರವಿಲ್ಲ: ‘ಜೀನ್‌ನಾಗ ಐತಿ, ಏನೂ ಮಾಡಾಕ ಬರೂದಿಲ್ಲ.’ ಒಬ್ಬರು ತಾಯಿಯನ್ನು ಅಪರಾಧಿ ಮಾಡುತ್ತಾರೆ, ಇನ್ನೊಬ್ಬರು ಮಗುವಿನ ಮುಂದಿನ ದಾರಿ ಮುಚ್ಚುತ್ತಾರೆ.

ಈ ಎರಡೂ ಮಾತುಗಳ ವಿರುದ್ಧ ನಾನು ಕರೆಯುವ ಮೊದಲ ಸಾಕ್ಷಿ ಜೀಬ್ರಾ ಮೀನು. ಬೆರಳುದ್ದವೂ ಇಲ್ಲದ, ನೀಲಿ ಪಟ್ಟೆಯ, ನಮ್ಮ ದೇಶದ ಹಳ್ಳ, ಭತ್ತದ ಗದ್ದೆಗಳದೇ ಮೀನು. 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, 1822ರಲ್ಲಿ, ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ದಾಖಲಿಸಿದ. ಇದರ ಭ್ರೂಣ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದಡಿ ಇಟ್ಟರೆ, ಮೊಟ್ಟೆಗೆ ಒಂದು ದಿನ ತುಂಬುವ ಮೊದಲೇ ಪುಟ್ಟ ಬಾಲ ಸುತ್ತಿ ಬಿಚ್ಚಿ ಅದುರುವುದು ಕಾಣುತ್ತದೆ. ಐದನೇ ದಿನಕ್ಕೆಲ್ಲ ಮರಿ ತಾನೇ ಬೇಟೆಗೆ ಇಳಿದಿರುತ್ತದೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವತ್ಸಲಾ ತಿರುಮಲೈ ಅವರ ತಂಡ, ಕಿರುಮೆದುಳಿನ ನರಕೋಶಗಳು ಈಜನ್ನು ಹೇಗೆ ತಿದ್ದುತ್ತವೆ ಎಂಬುದನ್ನು ಇಂಥ ಮರಿಗಳಲ್ಲೇ ನೋಡುತ್ತದೆ.

ಮೀನಾಗಲಿ ಮನುಷ್ಯನಾಗಲಿ, ನರಕೋಶಗಳು ಸಂಧಿಸುವ ಜಾಗ ಸಿನಾಪ್ಸ್. ಸಂದೇಶ ಪಡೆಯುವ ಕಡೆ ಪಿಎಸ್‌ಡಿ-95, ಶ್ಯಾಂಕ್3 ಎಂಬ ಪ್ರೊಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಆಧಾರವಾಗಿ ನಿಂತಿರುತ್ತವೆ. ಊರ ಅಗಸಿಯ ಕಟ್ಟೆ ಮಾತಾಡುವುದಿಲ್ಲ, ಆದರೆ ಕಟ್ಟೆ ಕುಸಿದರೆ ಕೂಡಿ ಮಾತಾಡುವವರು ಚದುರಿಹೋಗುತ್ತಾರೆ. ಈ ಪ್ರೊಟೀನುಗಳ ಕೆಲಸವೂ ಅಷ್ಟೇ: ಸಂದೇಶ ಹಿಡಿಯುವ ಗ್ರಾಹಕಗಳನ್ನು ಒಂದೆಡೆ ಕೂಡಿಸಿ ಇಡುವುದು. ಮಾತನ್ನಾಗಲಿ ಸ್ವಭಾವವನ್ನಾಗಲಿ ಶ್ಯಾಂಕ್3 ಜೀನು ಬರೆದಿಟ್ಟಿರುವುದಿಲ್ಲ. ಅವು ಬೆಳೆಯಲು ಬೇಕಾದ ಜಾಗವನ್ನು ಅದು ಕಟ್ಟಿಕೊಡುತ್ತದೆ.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೀಬ್ರಾ ಮೀನಿನ ಭ್ರೂಣಗಳಲ್ಲಿ, ಮಕ್ಕಳಲ್ಲಿ ಕೆಟ್ಟರೆ ಆಟಿಸಂಗೆ ಕಾರಣವಾಗಬಲ್ಲ ಎರಡು ಜೀನುಗಳನ್ನು, ಅಂದರೆ ಶ್ಯಾಂಕ್3 ಜೀನನ್ನೂ, ಅದೇ ಕಟ್ಟೆಗೆ ಅಂಟಿಕೊಳ್ಳುವ ಪ್ರೊಟೀನನ್ನು ಕೊಡುವ ಸಿಂಗ್ಯಾಪ್1 ಜೀನನ್ನೂ, ಬೇರೆಬೇರೆಯಾಗಿ ತಗ್ಗಿಸಿದರು. ಎರಡರಲ್ಲೂ ಮಿದುಳಿನ ಬೆಳವಣಿಗೆ ತಡವಾಯಿತು, ಈಜಲು ಹೋದರೆ ಮುಂದೆ ಸಾಗಲಾಗಲಿಲ್ಲ, ಮೂರ್ಛೆಯಂಥ ನಡುಕ ಕಂಡಿತು. ಜೀಬ್ರಾ ಮೀನಿನ ತಾಯಿ ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಅಲ್ಲಿ ಬಾಣಂತನವಿಲ್ಲ, ಮುದ್ದು ಮಾಡುವುದಿಲ್ಲ, ಹೊಲಕ್ಕೆ ಹೋದಳೆಂಬ ದೂರೂ ಇಲ್ಲ. ತಾಯಿಯ ನಡತೆಯನ್ನು ಪೂರ್ತಿ ಬದಿಗಿಟ್ಟರೂ ಜೀನೊಂದರ ಕೊರತೆಯಿಂದಲೇ ನರಜಾಲ ತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಯಾವುದು? ಮಕ್ಕಳ ಆಟಿಸಂಗೆ ತಾಯಂದಿರ ತಣ್ಣನೆಯ ಮನಸ್ಸೇ ಕಾರಣವೆಂದು 1967ರಲ್ಲೂ ಅಮೆರಿಕದಲ್ಲಿ ಪುಸ್ತಕ ಬಂದಿತ್ತು. ಆಪಾದನೆ ನಮ್ಮ ಸೀಮೆಯದಷ್ಟೇ ಅಲ್ಲ.

ಮೀನಿಗೆ ಆಟಿಸಂ ಬರುತ್ತದೆಂದು ನಾನು ಹೇಳುತ್ತಿಲ್ಲ. ಮಾತಿಲ್ಲದ ಪ್ರಾಣಿಯಲ್ಲಿ ಮಾತಿನ ಕೊರತೆ ಅಳೆಯಲಾಗದು. ಆದರೆ ಶ್ಯಾಂಕ್3 ಕೆಟ್ಟ ಮೀನಿನ ಮರಿಗಳ ಕರುಳಿನಲ್ಲಿ ಆಹಾರ ನಿಧಾನವಾಗಿ ಸಾಗುತ್ತದೆ ಎಂದು 2019ರಲ್ಲಿ ಕಂಡುಕೊಂಡರು. ಈ ಜೀನಿನ ತೊಂದರೆಯಿರುವ ಮಕ್ಕಳ ತಾಯಂದಿರು ಮಲಬದ್ಧತೆಯ ಬಗ್ಗೆ ದೂರುವುದನ್ನು ಹಟ, ಊಟದ ತಪ್ಪು ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಇನ್ನು ರಕ್ತದ ಮಾತು. ಶ್ಯಾಂಕ್3, ಸಿಂಗ್ಯಾಪ್1 ಎರಡೂ ಜೀನುಗಳ ದೋಷ ಬಹುಪಾಲು ಮಕ್ಕಳಲ್ಲಿ ಹೊಸದಾಗಿ, ಅಂಡದಲ್ಲೋ ವೀರ್ಯಾಣುವಿನಲ್ಲೋ ಹುಟ್ಟಿದ್ದು. ಅಪ್ಪನಲ್ಲೂ ಇಲ್ಲ, ಅವ್ವನಲ್ಲೂ ಇಲ್ಲ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಸಾಕು. ಹಾಗಾಗಿ ಇಲ್ಲಿ ಸೋದರಸಂಬಂಧವನ್ನು ದೂರುವುದಕ್ಕೂ ಆಧಾರವಿಲ್ಲ. ಆಟಿಸಂಗೆ ಇವೆರಡೇ ಕಾರಣವಲ್ಲ, ನಿಜ. ಆದರೆ ‘ನಮ್ಮ ವಂಶದಾಗ ಯಾರೂ ಇಲ್ಲ’ ಎಂಬುದು ಇವುಗಳ ವಿಷಯದಲ್ಲಿ ಎರಡೂ ಮನೆಗಳಿಗೆ ಸಲ್ಲುವ ಮಾತು.

ಜೀನ್‌ನಲ್ಲಿದ್ದರೆ ಮುಗಿಯಿತೇ? 2012ರಲ್ಲಿ, ಮುಂದೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಸೇರಿದ ಜೇಮ್ಸ್ ಕ್ಲೆಮೆಂಟ್ ಮೊದಲ ಲೇಖಕರಾಗಿದ್ದ ಅಧ್ಯಯನವೊಂದು, ಸಿಂಗ್ಯಾಪ್1 ಕೆಟ್ಟ ಇಲಿಗಳಲ್ಲಿ ಸಿನಾಪ್ಸ್‌ಗಳು ಹೊತ್ತಿಗೆ ಮುಂಚೆಯೇ ಬಲಿಯುತ್ತವೆ, ದೊಡ್ಡವಾದ ಮೇಲೆ ಜೀನು ಸರಿಪಡಿಸಿದರೂ ನಡವಳಿಕೆ ಸುಧಾರಿಸಲಿಲ್ಲ ಎಂದಿತು. ಆದರೆ 2016ರಲ್ಲಿ ಬೆಳೆದ ಇಲಿಗಳಲ್ಲಿ ಶ್ಯಾಂಕ್3 ಮರಳಿಸಿದಾಗ ಒಡನಾಟ ಸುಧಾರಿಸಿತು, ಮೈ ಕೆರೆದುಕೊಳ್ಳುವ ಗೀಳು ಇಳಿಯಿತು. ಅಂಜಿಕೆ, ಕೈಕಾಲಿನ ತಾಳ ಮಾತ್ರ ಮರಳಲಿಲ್ಲ. 2019ರಲ್ಲಿ ಸಿಂಗ್ಯಾಪ್1 ಇಲಿಗಳಲ್ಲೂ, ಬೆಳೆದ ಮೇಲೆ ಜೀನು ಮರಳಿಸಿದಾಗ ಕೆಲವು ಸುಧಾರಣೆಗಳು ಕಂಡವು. ಸಿನಾಪ್ಸ್‌ನ ಪ್ರೊಟೀನುಗಳು ಸವೆದು ಮತ್ತೆಮತ್ತೆ ಹೊಸದಾಗುತ್ತಲೇ ಇರುತ್ತವೆ. ಕೆಲವು ತೊಂದರೆಗಳನ್ನು ಸರಿಪಡಿಸಲು ವಯಸ್ಸಿನ ಗಡಿಯಿದೆ, ಕೆಲವಕ್ಕೆ ಇಲ್ಲ. ಇಲಿಯಲ್ಲಿ ಆದದ್ದು ಮಗುವಿಗೆ ಔಷಧವಾಗಿಲ್ಲ. ಆದರೂ ‘ಏನೂ ಮಾಡಾಕ ಬರೂದಿಲ್ಲ’ ಎಂಬುದು ಸುಳ್ಳು. ಬೇಗ ಗುರುತಿಸಿ ಕಲಿಸಿದರೆ ಮಗುವಿನ ಮಾತು, ಒಡನಾಟ ಎರಡಕ್ಕೂ ಒಳ್ಳೆಯದು.

ಆದ್ದರಿಂದ ಮನೆಯಲ್ಲಿ ‘ಯಾರ ಕಡೆಯ ರಕ್ತ’ ಎಂಬ ಮಾತು ಬಂದರೆ ದಯವಿಟ್ಟು ಅಲ್ಲೇ ತಡೆಯಿರಿ. ಎರಡು ವರ್ಷಕ್ಕೆ ಎರಡು ಪದವನ್ನೂ ಕೂಡಿಸಿ ಹೇಳದ ಮಗುವಿನ ಕಿವಿ ಮೊದಲು ತಪಾಸಣೆ ಮಾಡಿಸಿ, ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತಾರೆ, ಬೆಳವಣಿಗೆ ತಡವಾಗಿದ್ದರೆ ಮುಂದಿನ ಚಿಕಿತ್ಸೆಗೆ ಕಳಿಸುತ್ತಾರೆ, ಅದಕ್ಕೆ ಹಣ ಕೊಡಬೇಕಿಲ್ಲ.