ಮನುಷ್ಯನನ್ನು ಅಳೆಯುವ ವಿದ್ಯೆ

ಕಳೆದ ವರ್ಷ ಜೂನ್ ತಿಂಗಳ ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ನಮ್ಮ ಜಮಾಅತಿನ ಖಜಾಂಚಿ ಹಾಜಿಯವರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಕಾಂ. ಮುಗಿಸಿದವಳು ವಿಶ್ವವಿದ್ಯಾನಿಲಯದಲ್ಲಿ ಮಾನವ ಸಂಪನ್ಮೂಲ ನಿರ್ವಹಣೆಯ ಸ್ನಾತಕೋತ್ತರ ತರಗತಿಗೆ ಸೇರುತ್ತೇನೆಂದು ಹಟ ಹಿಡಿದಿದ್ದಳು.

"ಉಸ್ತಾದ್, ಡಾಕ್ಟರಾಗುವವರು ರೋಗದ ಬಗ್ಗೆ ಕಲಿಯುತ್ತಾರೆ, ಇಂಜಿನಿಯರಾಗುವವರು ಯಂತ್ರದ ಬಗ್ಗೆ ಕಲಿಯುತ್ತಾರೆ. ಜನರನ್ನು ಸುಧಾರಿಸುವುದನ್ನು ಕಲಿಯಲು ಎರಡು ವರ್ಷ ಯೂನಿವರ್ಸಿಟಿಗೆ ಹೋಗಬೇಕಾ? ನನ್ನ ಅಂಗಡಿಯಲ್ಲಿ ಆರು ಜನ ಕೆಲಸಕ್ಕಿದ್ದಾರೆ. ನಾನು ಯಾವ ಕಾಲೇಜಿಗೆ ಹೋಗಿದ್ದೆ?" ಎಂದರು. ಸ್ವಲ್ಪ ತಡೆದು, ದನಿ ತಗ್ಗಿಸಿ, "ಕೊನೆಗೆ ಅದು ಜನರನ್ನು ಕೆಲಸದಿಂದ ತೆಗೆಯುವ ಕೆಲಸವೇ ಅಲ್ಲವಾ? ಯಾರದೋ ಅನ್ನ ಕಿತ್ತ ಶಾಪ ನನ್ನ ಮಗಳಿಗೆ ಯಾಕೆ?" ಎಂದು ಕೇಳಿದರು.

ಮೊದಲನೆಯ ಪ್ರಶ್ನೆಗೆ ನಕ್ಕುಬಿಟ್ಟೆ. ಎರಡನೆಯದಕ್ಕೆ ಉತ್ತರ ಹೊಳೆಯಲಿಲ್ಲ. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಕೋರ್ಸಿಗೆ ಅರ್ಜಿ ಹಾಕಿದ ಮಗನೋ ಮಗಳೋ ಇರಬಹುದು. ಆದ್ದರಿಂದ ಆ ಪ್ರಶ್ನೆಯ ಬಗ್ಗೆ ನಾನು ಯೋಚಿಸಿದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಹುಡುಗಿ ಪಠ್ಯಕ್ರಮದ ಹಾಳೆಗಳನ್ನು ತಂದುಕೊಟ್ಟಳು. ನೇಮಕಾತಿ, ಆಯ್ಕೆ, ತರಬೇತಿ, ಕಾರ್ಯಕ್ಷಮತೆಯ ಮೌಲ್ಯಮಾಪನ, ವೇತನ ನಿರ್ಣಯ, ಕೈಗಾರಿಕಾ ಬಾಂಧವ್ಯ, ಕಾರ್ಮಿಕ ಕಾನೂನು, ಶಿಸ್ತುಕ್ರಮ. ನಾನು ಕನ್ನಡ ಬಿ.ಎ. ಓದಿದವನು, ನನ್ನ ಕಣ್ಣು ಮೊದಲು ನೆಟ್ಟಿದ್ದು ಹೆಸರಿನ ಮೇಲೆ. ಸಂಪತ್ ಎಂಬುದಕ್ಕೆ ಮೂಲ ಸೇರಿದರೆ ಸಂಪನ್ಮೂಲ. ಅನುನಾಸಿಕ ಸಂಧಿಗೆ ಒಳ್ಳೆಯ ಉದಾಹರಣೆ. ಜಲ ಸಂಪನ್ಮೂಲ, ಖನಿಜ ಸಂಪನ್ಮೂಲ, ಅರಣ್ಯ ಸಂಪನ್ಮೂಲ ಎಂಬ ಸಾಲಿನಲ್ಲೇ ಮಾನವ ಸಂಪನ್ಮೂಲವೂ ನಿಂತಿದೆ. ನೀರನ್ನು ಹರಿಸುತ್ತೇವೆ, ಅದಿರನ್ನು ಅಗೆಯುತ್ತೇವೆ, ಮರವನ್ನು ಕಡಿಯುತ್ತೇವೆ. ಈ ಸಾಲಿನಲ್ಲಿ ಮನುಷ್ಯನನ್ನು ಏನು ಮಾಡುತ್ತೇವೆ? ಅಲ್ಲಾಹನು ಆದಮರ ಸಂತತಿಗೆ ಗೌರವ ನೀಡಿದ್ದಾನೆಂದು ನಂಬುವ ನಮಗೆ ಈ ಪದ ಗಂಟಲಿನಲ್ಲಿ ಸಿಕ್ಕಿಕೊಳ್ಳಬೇಕಾದದ್ದೇ.

ಆದರೆ ಆ ಪದವನ್ನು ಪ್ರಚಾರಕ್ಕೆ ತಂದವರ ಮೇಲೆ ಅನ್ಯಾಯದ ಮಾತಾಡಬಾರದು. ಪೀಟರ್ ಡ್ರಕರ್ 1954ರಲ್ಲಿ ಪ್ರಕಟಿಸಿದ 'ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್' ಪುಸ್ತಕದಲ್ಲಿ ಈ ಹೆಸರನ್ನು ಬಳಸಿದ್ದು ಮನುಷ್ಯನು ಉಳಿದ ಸಂಪನ್ಮೂಲಗಳಂತಲ್ಲ ಎಂದು ಹೇಳುವುದಕ್ಕಾಗಿ. ಯಂತ್ರಕ್ಕಿಲ್ಲದ ವಿವೇಚನೆ, ಕಲ್ಪನೆ ಅವನಿಗಿದೆ. ತಾನು ಮನಸ್ಸಿಟ್ಟು ದುಡಿಯಬೇಕೋ ಬೇಡವೋ ಎಂಬುದು ಕೊನೆಗೂ ಅವನ ಕೈಯಲ್ಲೇ ಇದೆ ಎಂಬುದು ಅವರ ವಾದ. ಪದ ಉಳಿಯಿತು, ವಾದವನ್ನು ಬಹಳ ಮಂದಿ ಮರೆತರು.

ನಮ್ಮ ದೇಶದಲ್ಲಿ ಈ ವಿದ್ಯೆ ಹುಟ್ಟಿದ ಬಗೆಯನ್ನು ಹಾಜಿಯವರಿಗೆ ಹೇಳಿದಾಗ ಅವರು ಆಶ್ಚರ್ಯಪಟ್ಟರು. ಬ್ರಿಟಿಷರ ಕಾಲದ ಬಟ್ಟೆಗಿರಣಿಗಳಲ್ಲಿ ಕೂಲಿಗಳನ್ನು ಸೇರಿಸಿಕೊಳ್ಳುತ್ತಿದ್ದುದು ಮಾಲಿಕರಲ್ಲ, ಜಾಬರ್ ಎಂಬವನು. ಕೆಲವೆಡೆ ಅವನು ಸರ್ದಾರ, ಕೆಲವೆಡೆ ಮುಕಾದಮ, ಮೇಸ್ತ್ರಿ. ಕೆಲಸ ಬೇಕಾದರೆ ಅವನಿಗೆ ಲಂಚ ಕೊಡಬೇಕು. ಕೆಲಸ ಉಳಿಯಬೇಕಾದರೂ ಕೊಡಬೇಕು. ತನ್ನ ಊರಿನವನಿಗೆ, ತನ್ನ ಜಾತಿಯವನಿಗೆ ಮೊದಲ ಮಣೆ. 1929ರಲ್ಲಿ ವಿಟ್ಲಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ಕಾರ್ಮಿಕರ ರಾಯಲ್ ಕಮಿಷನ್ 1931ರ ತನ್ನ ವರದಿಯಲ್ಲಿ ಈ ಲಂಚದ ಜಾಲವನ್ನು ಬಿಚ್ಚಿಟ್ಟು, ನೇಮಕಾತಿಯನ್ನು ಜಾಬರನ ಕೈಯಿಂದ ಬಿಡಿಸಿ ಪ್ರಾಮಾಣಿಕನಾದ ಲೇಬರ್ ಆಫೀಸರನಿಗೆ ಒಪ್ಪಿಸಬೇಕೆಂದು ಸಲಹೆ ಮಾಡಿತು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯಿದೆ, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು ವಿಧಿಸಿತು. ಇವರನ್ನು ತಯಾರು ಮಾಡಿದವರಲ್ಲಿ ಸಮಾಜಕಾರ್ಯದ ಶಾಲೆಗಳೂ ಇದ್ದವು. 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಟಾಟಾ ಸಂಸ್ಥೆ, 1960ರಲ್ಲಿ ನಮ್ಮ ಮಂಗಳೂರಿನಲ್ಲಿ ತೆರೆದ ರೋಶನಿ ನಿಲಯ ಅಂಥವು. ಆಮೇಲೆ ಕಲ್ಯಾಣಾಧಿಕಾರಿ ಪರ್ಸನಲ್ ಮ್ಯಾನೇಜರ್ ಆದ. ಪರ್ಸನಲ್ ಮ್ಯಾನೇಜರ್ ಎಚ್.ಆರ್. ಆದ. ಹೆಸರು ಬದಲಾದಂತೆ ಕುರ್ಚಿ ಕಾರ್ಮಿಕರಿಂದ ಸ್ವಲ್ಪ ಸ್ವಲ್ಪವೇ ಮಾಲಿಕರ ಕೋಣೆಯತ್ತ ಸರಿಯಿತು ಎಂದು ನನಗನಿಸುತ್ತದೆ.

ಹಾಗಾದರೆ ಹಾಜಿಯವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಆಳನ್ನು ನೇಮಿಸುವ, ತೆಗೆಯುವ ಅಧಿಕಾರ ಲೋಕದಲ್ಲಿ ಯಾರದೋ ಕೈಯಲ್ಲಿ ಇದ್ದೇ ಇರುತ್ತದೆ. ಕಲಿತವಳು ಆ ಕುರ್ಚಿಯಲ್ಲಿ ಕೂರದಿದ್ದರೆ ಜಾಬರ್ ಕೂರುತ್ತಾನೆ, ಇಲ್ಲವೇ ಮಾಲಿಕರ ಭಾವಮೈದುನ ಕೂರುತ್ತಾನೆ.

ಉಳಿದರ್ಧ ಕಷ್ಟದ್ದು. ಪಠ್ಯಕ್ರಮದ ಎಲ್ಲ ಅಧ್ಯಾಯಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಮೌಲ್ಯಮಾಪನದ ಅಧ್ಯಾಯ. ಒಬ್ಬ ಮನುಷ್ಯನ ಇಡೀ ವರ್ಷದ ದುಡಿಮೆಯನ್ನು ನೋಡಿ ಒಂದು ಅಂಕಿ ಬರೆಯುವುದು. ಆ ಅಂಕಿಯಿಂದ ಅವನ ಸಂಬಳ ಏರುತ್ತದೆ, ನಿಲ್ಲುತ್ತದೆ, ಕೆಲವೊಮ್ಮೆ ಕೆಲಸವೇ ಹೋಗುತ್ತದೆ. ಇದನ್ನು ಮದ್ರಸದ ಭಾಷೆಯಲ್ಲಿ ಏನೆನ್ನಬೇಕು? ಇದು ಶಹಾದತ್. ಸಾಕ್ಷಿ ನುಡಿಯುವುದು. ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಹೇಳಿದರೆ ಮಾತ್ರ ಸಾಕ್ಷಿಯೆಂದು ನಾವು ತಿಳಿದಿದ್ದೇವೆ. ಒಬ್ಬನ ಬಗ್ಗೆ ನಾವು ಬರೆದದ್ದನ್ನು ಇನ್ನೊಬ್ಬರು ನಂಬಿ ಅವನ ಅನ್ನವನ್ನು ನಿರ್ಧರಿಸುತ್ತಾರಾದರೆ ಆ ಕಾಗದವೇ ಕಟಕಟೆ. ಒಂದು ಜನರ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿರುವಾಗ, ಕೇವಲ ಅವಸರ ನಮ್ಮನ್ನು ಸರಿಸಬಹುದೇ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಒಂದು ವರ್ಷ ಆಯಾಗಳ ವರದಿ ಬರೆಯುವ ಕೆಲಸ ನನಗೆ ಬಿತ್ತು. ಒಬ್ಬ ಆಯಾ ಮಳೆಗಾಲದಲ್ಲಿ ನಾಲ್ಕೈದು ಬಾರಿ ತಡವಾಗಿ ಬಂದದ್ದು ನನ್ನ ಕಣ್ಣಿಗೆ ಬಿದ್ದಿತ್ತು. 'ಸಮಯಪಾಲನೆ ಇಲ್ಲ' ಎಂದು ಬರೆದೆ. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ವರ್ಷ ಅವರಿಗೆ ಸಂಬಳ ಹೆಚ್ಚಲಿಲ್ಲ. ಅವರ ಊರಿನ ಬೆಳಗಿನ ಬಸ್ಸು ಆ ಮಳೆಗಾಲದಲ್ಲಿ ರಸ್ತೆ ಕೆಟ್ಟು ಬರುತ್ತಿರಲಿಲ್ಲವೆಂದೂ, ಅವರು ಮೂರು ಮೈಲಿ ನಡೆದು ಇನ್ನೊಂದು ಬಸ್ಸು ಹಿಡಿಯುತ್ತಿದ್ದರೆಂದೂ ನನಗೆ ತಿಳಿದದ್ದು ಎರಡು ವರ್ಷದ ನಂತರ, ಅದೂ ಆ ಬಸ್ಸಿನ ಕಂಡಕ್ಟರ್ ಮಾತಿನ ನಡುವೆ ಹೇಳಿದ್ದರಿಂದ. ಹೋಗಿ ಕ್ಷಮೆ ಕೇಳಿದೆ. "ಅದೆಲ್ಲ ಈಗ ಯಾಕೆ ಮಾಷ್ಟ್ರೇ" ಎಂದು ಅವರು ನೆಲ ಒರೆಸುವುದನ್ನು ಮುಂದುವರಿಸಿದರು. ನಾನು ಬರೆದದ್ದು ಸುಳ್ಳಾಗಿರಲಿಲ್ಲ, ನೋಡಿ. ಅವರು ತಡವಾಗಿ ಬಂದದ್ದು ನಿಜ. ನಾನು ಕೇಳಲಿಲ್ಲ, ಅಷ್ಟೇ.

ಈ ಹುಡುಗಿಯ ಪುಸ್ತಕಗಳಲ್ಲಿ ಇಂಥ ತಪ್ಪುಗಳಿಗೆ ಹೆಸರುಗಳೇ ಇವೆ. ಒಬ್ಬನ ಒಂದು ಗುಣ ಮೆಚ್ಚಿಗೆಯಾದರೆ ಉಳಿದೆಲ್ಲವೂ ಒಳ್ಳೆಯದೆಂದೇ ಕಾಣುವುದನ್ನು 'ಹ್ಯಾಲೋ' ಎನ್ನುತ್ತಾರಂತೆ. ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯಂತೆ. ಸೈನಿಕಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1920ರಲ್ಲೇ ಇದನ್ನು ತೋರಿಸಿದ್ದರು. ಅಕ್ಷರ ದುಂಡಗಿರುವ ಹುಡುಗನಿಗೆ ಗಣಿತದಲ್ಲೂ ಎರಡು ಅಂಕ ಹೆಚ್ಚು ಕೊಡುವ ನಮ್ಮಂಥ ಮಾಸ್ತರರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಕಲಿಸುತ್ತಾರೆಂದರೆ, ಹಾಜಿಯವರೇ, ಎರಡು ವರ್ಷ ಹೆಚ್ಚೇನೂ ಅಲ್ಲ.

ಆದರೆ ಅದೇ ವಿದ್ಯೆಯ ಇನ್ನೊಂದು ಪುಟದಲ್ಲಿ 'ಬೆಲ್ ಕರ್ವ್' ಇದೆ. ಇದನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ತಿಳಿದುಕೊಳ್ಳಬೇಕು, ಏಕೆಂದರೆ ನಿಮ್ಮ ಮಕ್ಕಳಲ್ಲಿ ಕೆಲವರು ಬೆಂಗಳೂರಿನ ಕಂಪೆನಿಗಳಲ್ಲಿ ಇದರ ಏಟು ತಿಂದಿರಬಹುದು. 1981ರಿಂದ 2001ರ ತನಕ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಅದಕ್ಕೆ ಹೆಸರು ತಂದುಕೊಟ್ಟರು. ನೂರು ಮಂದಿಯಲ್ಲಿ ಇಪ್ಪತ್ತು ಮಂದಿಯನ್ನು ಮೇಲಿಡಬೇಕು, ಎಪ್ಪತ್ತನ್ನು ನಡುವೆ, ಹತ್ತನ್ನು ಕೆಳಗೆ. ಕೆಳಗಿನ ಹತ್ತು ಮಂದಿ ಹೊರಟುಹೋಗಬೇಕಾದವರು. ಹತ್ತು ಜನರ ತಂಡದಲ್ಲಿ ಹತ್ತೂ ಜನ ಚೆನ್ನಾಗಿ ದುಡಿದಿದ್ದರೂ ಒಬ್ಬನನ್ನು ಹುಡುಕಿ ಕೆಳಗೆ ತಳ್ಳಲೇಬೇಕು! ಅಂಕಿ ಮೊದಲು ನಿಶ್ಚಯವಾಗುತ್ತದೆ, ಮನುಷ್ಯ ಆಮೇಲೆ ಸಿಗುತ್ತಾನೆ.

ಕಷ್ಟದ ಕಾಲದಲ್ಲಿ ಕಂಪೆನಿಗೆ ಹತ್ತು ಜನರನ್ನು ಕಡಿಮೆ ಮಾಡಬೇಕಾಗಿ ಬರಬಹುದು. ಹಣ ಇಲ್ಲ, ಹಾಗಾಗಿ ಕಳುಹಿಸುತ್ತಿದ್ದೇವೆ ಎಂದು ಹೇಳಿ, ಸಲ್ಲಬೇಕಾದ್ದನ್ನೆಲ್ಲ ಕೊಟ್ಟು ಬೀಳ್ಕೊಡುವುದು ದುಃಖದ ಸಂಗತಿ, ಆದರೆ ಅನ್ಯಾಯವಲ್ಲ. ಚೆನ್ನಾಗಿ ದುಡಿದವನನ್ನು 'ನೀನು ದುಡಿಯಲಿಲ್ಲ' ಎಂದು ಬರೆದು ಕಳುಹಿಸುವುದು ಮಾತ್ರ ಸುಳ್ಳು ಸಾಕ್ಷಿ. ಹೊಟ್ಟೆಗೂ ಹೊಡೆತ, ಹೆಸರಿಗೂ ಹೊಡೆತ. ಕಂಪೆನಿಗಳಿಗೂ ಇದರ ನಷ್ಟ ತಿಳಿಯದಿರಲಿಲ್ಲ. ಸಹೋದ್ಯೋಗಿಗೆ ಸಹಾಯ ಮಾಡಿದರೆ ತಾನೇ ಕೆಳಗೆ ಜಾರುತ್ತೇನೆಂಬ ಭಯ ಬಂದ ಮೇಲೆ ಯಾರು ಯಾರಿಗೆ ಕಲಿಸುತ್ತಾರೆ? ಮೈಕ್ರೋಸಾಫ್ಟ್ 2013ರ ನವೆಂಬರಿನಲ್ಲಿ ಇಂಥ ಪದ್ಧತಿಯನ್ನು ಕೈಬಿಟ್ಟಿತು.

ಹಾಜಿಯವರ ಮಗಳು ಇದನ್ನು ಕೇಳಿ ನನ್ನನ್ನೇ ಇಕ್ಕಟ್ಟಿಗೆ ಸಿಲುಕಿಸಿದಳು. "ಉಸ್ತಾದ್, ಮೇಲಿನವರು ಹಾಗೆಯೇ ಬರೆಯಬೇಕೆಂದರೆ? ನನಗೆ ಸಂಬಳ ಕೊಡುವವರು ಅವರೇ ಅಲ್ಲವಾ?" ಖಾಝಿಗೆ ಸಂಬಳ ಕೊಡುತ್ತಿದ್ದುದೂ ಖಲೀಫರೇ ಎಂದು ನಾನು ಹೇಳಿದೆ. ಸಂಬಳ ಕೊಡುವವನು ನಮ್ಮ ಸಮಯವನ್ನೂ ಸಾಮರ್ಥ್ಯವನ್ನೂ ಕೊಂಡಿರುತ್ತಾನೆ, ಸಾಕ್ಷಿಯನ್ನು ಕೊಂಡಿರುವುದಿಲ್ಲ. ಇದನ್ನು ಹೇಳುವುದು ಸುಲಭ, ಮನೆ ಬಾಡಿಗೆ ಕಟ್ಟುವವಳಿಗೆ ಪಾಲಿಸುವುದು ಸುಲಭವಲ್ಲ ಎಂಬುದನ್ನೂ ಅವಳಿಗೆ ಮುಚ್ಚಿಡಲಿಲ್ಲ.

ಮೂಸಾ(ಅ)ರ ವೃತ್ತಾಂತವನ್ನು ನಾವೆಲ್ಲ ಎಷ್ಟು ಬಾರಿ ಕೇಳಿದ್ದೇವೆ! ಈಜಿಪ್ತಿನಿಂದ ತಪ್ಪಿಸಿಕೊಂಡು ಮದ್‌ಯನ್‌ಗೆ ಬಂದ ಅವರು ಯಾರೂ ಕೇಳದೆಯೇ ಇಬ್ಬರು ಯುವತಿಯರ ಆಡುಗಳಿಗೆ ನೀರು ಕುಡಿಸಿ ನೆರಳಿಗೆ ಸರಿದರು. ಅವರಲ್ಲೊಬ್ಬಳು ತಂದೆಗೆ ಹೇಳಿದ್ದೇನು? ಇವರನ್ನು ಕೆಲಸಕ್ಕಿಟ್ಟುಕೊಳ್ಳಿ, ಕೆಲಸಕ್ಕೆ ಬೇಕಾದವನು ಬಲಶಾಲಿಯೂ ವಿಶ್ವಸ್ತನೂ ಆಗಿರಬೇಕು ಎಂಬರ್ಥದ ಮಾತು. ಊರು ಯಾವುದು, ಕುಲ ಯಾವುದು ಎಂಬುದು ಆ ಶಿಫಾರಸಿನಲ್ಲಿ ಇಲ್ಲ. ಮುಂದೆ ತಂದೆ ಮಾಡಿದ ಕರಾರನ್ನೂ ಗಮನಿಸಿ: ಎಂಟು ವರ್ಷ, ಹತ್ತು ಪೂರೈಸಿದರೆ ಅದು ನಿಮ್ಮ ಇಷ್ಟ, ನಿಮಗೆ ಕಷ್ಟ ಕೊಡುವ ಉದ್ದೇಶ ನನಗಿಲ್ಲ ಎಂಬ ಭರವಸೆ, ಅಲ್ಲಾಹನ ಸಾಕ್ಷ್ಯ. ಅವಧಿ ಸ್ಪಷ್ಟ, ಪ್ರತಿಫಲ ಸ್ಪಷ್ಟ. ಆಯ್ಕೆಯ ಸಲಹೆ ಕೊಟ್ಟವಳು ಮಗಳು, ಅದನ್ನು ಕೇಳಿದವರು ತಂದೆ. ಇದನ್ನು ಹಾಜಿಯವರಿಗೆ ಹೇಳಿದಾಗ ಅವರು ಟೋಪಿ ಸರಿಮಾಡಿಕೊಂಡರು.

ಇನ್ನು ನಮ್ಮದೇ ಅಂಗಳ. ಎಚ್.ಆರ್. ಎಂಬುದು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಮಾತ್ರ ಇರುವುದೆಂದು ಭಾವಿಸಬೇಡಿ. ಪ್ರತಿಯೊಂದು ಜಮಾಅತ್ ಕಮಿಟಿಯೂ ಒಂದು ಎಚ್.ಆರ್. ವಿಭಾಗವೇ, ತರಬೇತಿ ಇಲ್ಲ, ಅಷ್ಟೇ. ಮುಅಲ್ಲಿಮರೊಬ್ಬರನ್ನು ನೇಮಿಸುವಾಗ ಅವರ ಕೆಲಸ ಏನೇನೆಂದು ಎಲ್ಲಾದರೂ ಬರೆದಿಡುತ್ತೇವೆಯೇ? ಬೆಳಿಗ್ಗೆ ಪಾಠ ಹೇಳಲು ಬಂದವರು ಮುಕ್ರಿ ಊರಿಗೆ ಹೋದಾಗ ಬಾಂಗ್ ಕೊಡುತ್ತಾರೆ, ಟ್ಯಾಂಕಿಗೆ ನೀರು ತುಂಬಿಸುತ್ತಾರೆ, ರಮಝಾನಿನಲ್ಲಿ ರಶೀದಿ ಪುಸ್ತಕ ಹಿಡಿದು ಮನೆಮನೆ ಅಲೆಯುತ್ತಾರೆ. ತೆಗೆಯುವಾಗ? ಇಶಾ ನಮಾಝಿನ ನಂತರ ಹತ್ತು ನಿಮಿಷದ ಮೀಟಿಂಗ್. ಕಾರಣ ಹೇಳುವವರಿಲ್ಲ, ಅವರಿಗೆ ಹೇಳಲಿಕ್ಕಿರುವುದನ್ನು ಕೇಳುವವರೂ ಇಲ್ಲ. ಕೆಲವು ಖಾಸಗಿ ಶಾಲೆಗಳಲ್ಲಿ ಸಹಿ ಹಾಕಿಸಿಕೊಳ್ಳುವ ಸಂಬಳ ಒಂದು, ಕೈಗೆ ಕೊಡುವುದು ಇನ್ನೊಂದು. ಮರುದಿನ ಅದೇ ಆಡಳಿತ ಮಂಡಳಿಯವರು ಪ್ರಾಮಾಣಿಕತೆಯ ಬಗ್ಗೆ ಮಕ್ಕಳಿಗೆ ಭಾಷಣ ಮಾಡುತ್ತಾರೆ.

ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶ ನಮ್ಮ ಮಕ್ಕಳಿಗೂ ಬಾಯಿಪಾಠ. ಆಳಿನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ಅಲ್ಲಾಹನೇ ಎದುರು ಪಕ್ಷವಾಗಿ ನಿಲ್ಲುವನೆಂಬ ಹದೀಸನ್ನು ನೆನೆದರೆ ನಡುಕ ಹುಟ್ಟಬೇಕು. ಇತ್ತ ದೇಶದ ಕಾನೂನು ನೋಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟವನಿಗೆ, ಬಿಡಿಸಲ್ಪಟ್ಟವನಿಗೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಏಳು ದಿನ ಎಲ್ಲಿ, ಬೆವರು ಆರುವ ಹೊತ್ತು ಎಲ್ಲಿ! ನಾವು ಮಾತ್ರ ಕಾನೂನಿನ ಏಳು ದಿನಕ್ಕೂ ತಲುಪದೆ, 'ಈ ತಿಂಗಳು ಕಲೆಕ್ಷನ್ ಕಡಿಮೆ' ಎನ್ನುತ್ತೇವೆ.

ಹುಡುಗಿ ಕೋರ್ಸಿಗೆ ಸೇರಿದಳು. ಹಾಸ್ಟೆಲಿಗೆ ಬಿಟ್ಟು ಬಂದವರು ಹಾಜಿಯವರೇ. ಮೊದಲ ಸೆಮಿಸ್ಟರ್ ಮುಗಿದು ರಜೆಗೆ ಬಂದಾಗ ನಮ್ಮ ಮನೆಯವರನ್ನೂ ನನ್ನನ್ನೂ ಊಟಕ್ಕೆ ಕರೆದಿದ್ದರು. ಊಟದ ನಂತರ ಚಹಾ ತಂದಿಟ್ಟು ಅವಳು ಒಂದು ಸಣ್ಣ ಪ್ರಾಜೆಕ್ಟ್ ಬರೆಯಬೇಕಾಗಿದೆ ಎಂದಳು. "ಉಸ್ತಾದ್, ನಮ್ಮ ಮದ್ರಸದ ಮುಅಲ್ಲಿಮರಿಗೆ ನೇಮಕಾತಿ ಪತ್ರ ಕೊಟ್ಟಿದ್ದಾರಾ? ರಜೆ ಎಷ್ಟು ದಿನ? ಕೊನೆಯ ಸಲ ಸಂಬಳ ಹೆಚ್ಚಿಸಿದ್ದು ಯಾವ ವರ್ಷ?"

ನಾನು ಖಜಾಂಚಿಯವರ ಮುಖ ನೋಡಿದೆ. ಅವರು ಚಹಾ ಆರಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಕಮಿಟಿಯ ಲೆಕ್ಕದ ಪುಸ್ತಕ ತಂದು ಮಗಳ ಮುಂದಿಟ್ಟು, "ನೀನೇ ನೋಡು" ಎಂದರು.