ಅವಗ್ರಹವೇ ನಿರ್ಣಯವಲ್ಲ

ನಮ್ಮ ಬಸದಿಯ ಭಾನುವಾರದ ಪಾಠಶಾಲೆಯಲ್ಲಿ ಒಮ್ಮೆ ಮಕ್ಕಳನ್ನು ಕೇಳಿದೆ: "ಶಾಲೆಯಲ್ಲಿ ಕಲಿಸುವ ಗಣಕ ವಿಜ್ಞಾನವೆಂದರೆ ಏನು?" ಒಬ್ಬ ಬಾಲಕನು "ಆಟ" ಎಂದನು, ಮತ್ತೊಬ್ಬನು "ಬೇಗ ಟೈಪ್ ಮಾಡುವುದು" ಎಂದನು. ಎಂಟು ವರ್ಷದ ಬಾಲಕಿಯೊಬ್ಬಳು "ಅದು ಅಣ್ಣನದು, ಅಜ್ಜಾ" ಎಂದಳು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮತಿಜ್ಞಾನದ ನಾಲ್ಕು ಭೇದಗಳನ್ನು ಹೇಳಿದ್ದಾರೆ: ಅವಗ್ರಹ, ಈಹಾ, ಅವಾಯ, ಧಾರಣಾ. ದೂರದಲ್ಲಿ ಬಿಳಿಯದೇನೋ ಕಂಡಿತು ಎಂಬುದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ಅರಸುವುದು ಈಹಾ. ರೆಕ್ಕೆಯ ಬಡಿತವನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಅದನ್ನು ಮರೆಯದಿರುವುದು ಧಾರಣಾ.

ಮಗುವಿನ ಮೊದಲ ನೋಟವು ಅವಗ್ರಹ ಮಾತ್ರ, ಅದರಲ್ಲಿ ದೋಷವಿಲ್ಲ. ಆದರೆ "ಇವನಿಗೆ ಗಣಕವೆಂದರೆ ನೀರು ಕುಡಿದಂತೆ", "ಇವಳಿಗೆ ಅದು ಒಗ್ಗದು" ಎಂದು ನುಡಿಯುವ ಹಿರಿಯರಾದ ನಾವು ಈಹೆಯನ್ನು ದಾಟಿಸಿ ಅವಗ್ರಹವನ್ನೇ ಧಾರಣೆಯಾಗಿಸುತ್ತೇವೆ. ಒಂದೇ ನಯವನ್ನು ಪೂರ್ಣಸತ್ಯವೆಂದು ಹಿಡಿಯುವುದು ಏಕಾಂತ. ಅದನ್ನು ಎಳೆಯ ಮನಸ್ಸಿನ ಮೇಲೆ ಹೇರುವುದು ಸೂಕ್ಷ್ಮವಾದ ಹಿಂಸೆಯೇ ಅಲ್ಲವೇ?

ಪರರನ್ನು ದೂರುವ ಮೊದಲು ನನ್ನ ತಪ್ಪನ್ನೇ ಹೇಳಬೇಕು. ಮನೆಗೆ ಮೊದಲ ಗಣಕಯಂತ್ರ ಬಂದಾಗ ಅದನ್ನು ಮಗನ ಕೋಣೆಯಲ್ಲಿರಿಸಿದೆ. ಮಗಳು ಬಳಿಗೆ ಬಂದರೆ "ಕೆಟ್ಟೀತು, ಮುಟ್ಟಬೇಡಮ್ಮ" ಎಂದೆ. ನಿಷೇಧಿಸುತ್ತಿದ್ದೇನೆಂದು ನಾನೆಣಿಸಿರಲಿಲ್ಲ. ಅವಳು ಮುಂದೆ ಬೇರೆ ವಿಷಯವನ್ನು ಓದಿ ಸುಖವಾಗಿದ್ದಾಳೆ. ಆದರೆ ಆಯ್ಕೆಗೆ ಮುಂಚಿನ ಅರಸುವಿಕೆಯನ್ನು ನಾನು ಅವಳಿಂದ ಕಸಿದುಕೊಂಡೆ.

"ಈ ಯಂತ್ರವು ಚಪಲವನ್ನೂ ಪರಿಗ್ರಹವನ್ನೂ ಬೆಳೆಸುವುದಲ್ಲವೇ?" ಎಂದು ಕೆಲವರು ಕೇಳುವರು. ಪ್ರಶ್ನೆ ಯುಕ್ತವೇ. ಆದರೆ ಯಂತ್ರದ ಮೇಲಿನ ಮೋಹ ಬೇರೆ, ಅದು ನಡೆಯುವ ಕ್ರಮದ ಅರಿವು ಬೇರೆ. ದೊಡ್ಡ ಕಾರ್ಯವನ್ನು ಸಣ್ಣ ಹೆಜ್ಜೆಗಳಾಗಿ ಬಿಡಿಸುವುದು, ತಪ್ಪಿದ ಹೆಜ್ಜೆಯನ್ನು ಹುಡುಕಿ ತಿದ್ದುವುದು, ಇವು ಗಣಕ ವಿಜ್ಞಾನದ ಮೂಲಪಾಠಗಳು. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ 'ಲೋಗೊ' ಭಾಷೆಯನ್ನು ರೂಪಿಸಿದರು. ಅದರಲ್ಲಿ ಮಗುವು 'ಆಮೆ'ಗೆ ಆಜ್ಞೆಯಿತ್ತು ಚಿತ್ರ ಬರೆಯಿಸುತ್ತದೆ. ಚಿತ್ರ ತಪ್ಪಿದರೆ ದಂಡನೆಯಿಲ್ಲ. ಎಲ್ಲಿ ತಪ್ಪಿತೆಂದು ಹಿಂದಿರುಗಿ ನೋಡುವುದಷ್ಟೇ. ಪ್ರತಿಕ್ರಮಣವನ್ನು ಬಲ್ಲ ನಮಗೆ ಈ ಮನೋಧರ್ಮ ಅಪರಿಚಿತವಲ್ಲ.

ಹೆಣ್ಣುಮಕ್ಕಳಿಗೆ ಲೆಕ್ಕದ ವಿದ್ಯೆ ದೂರವೆಂಬ ಮಾತಿಗೂ ನಮ್ಮಲ್ಲಿ ಆಧಾರವಿಲ್ಲ. ಆದಿತೀರ್ಥಂಕರರು ಅಕ್ಷರವನ್ನು ಬ್ರಾಹ್ಮಿಗೂ ಅಂಕೆಯನ್ನು ಸುಂದರಿಗೂ ಕಲಿಸಿದರೆಂದು ನಮ್ಮ ಪುರಾಣಗಳೇ ಹೇಳುತ್ತವೆ. ಇತ್ತ 1946ರಲ್ಲಿ ಲೋಕಕ್ಕೆ ಪರಿಚಯವಾದ ಅಮೆರಿಕದ 'ಎನಿಯಾಕ್' ಗಣಕಕ್ಕೆ ಕ್ರಮವಿಧಿಗಳನ್ನು ಅಳವಡಿಸಿದವರು ಆರು ಮಂದಿ ಮಹಿಳೆಯರು.

ಬಸದಿಯ ಟ್ರಸ್ಟುಗಳು ಪಾಠಶಾಲೆಗೆ ಗಣಕಯಂತ್ರವನ್ನು ದಾನವಾಗಿ ನೀಡುವುದು ಶ್ಲಾಘ್ಯ. ಅದರ ಮುಂದೆ ಯಾರು ಕುಳಿತುಕೊಳ್ಳುತ್ತಾರೆ ಎಂಬುದನ್ನೂ ಅವು ಗಮನಿಸಲಿ. ಯಂತ್ರವಿಲ್ಲದಿದ್ದರೂ ಪಾಠ ನಿಲ್ಲಬೇಕಿಲ್ಲ. ಮುಂದಿನ ಭಾನುವಾರ ನಾವು ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಒಂದು ಸಲಕ್ಕೆ ಇಬ್ಬರ ಎತ್ತರವನ್ನು ಮಾತ್ರ ಹೋಲಿಸುತ್ತ ಇಡೀ ಸಾಲನ್ನು ಕ್ರಮಕ್ಕೆ ತಂದೆವು. ಗಣಕವು ಹೆಸರುಗಳನ್ನೂ ಅಂಕಗಳನ್ನೂ ಜೋಡಿಸುವ ಬಗೆಗಳಲ್ಲಿ ಇದೂ ಒಂದು ಎಂದು ತಿಳಿಸಿದೆ. ಅದೇ ಬಾಲಕಿ ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜಾ, ಇನ್ನೂ ಕಡಿಮೆ ಸಲ ಹೋಲಿಸಿದರೆ ಆಗದೇ?" ಎಂದು ಕೇಳಿದಳು.

ಉತ್ತರವನ್ನು ನಾನು ಹೇಳಲಿಲ್ಲ. ಅವಳಲ್ಲಿ ಈಹಾ ಆರಂಭವಾಗಿತ್ತು.